ಬಳೆಗೆ ಓಗೊಟ್ಟ ಫೋನು

ಯಾರೂ ಕೇಳದಿದ್ದರೂ ಉಪಕಾರ ಮಾಡಲು ಹೋಗುವ ಚಟ ನನಗಿದೆ. ಜಹೀರಾಬಾದಿನಲ್ಲಿ ಮೇಷ್ಟರಾಗಿದ್ದು ನಿವೃತ್ತನಾದ ಮೇಲೆ ಅದು ಇನ್ನೂ ಹೆಚ್ಚಾಗಿ, ಮೊಬೈಲಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಮೊದಲು ಬರೆದದ್ದು ಒಂದು ಫೋನ್ ನಂಬರುಗಳ ಪಟ್ಟಿ. ಇದು ಫೋನಿನಲ್ಲಿ ಮೊದಲೇ ಇದೆಯಲ್ಲ ಎಂದಳು ಹೆಂಡತಿ.

ಆ ಪಟ್ಟಿಗೆ ಒಂದು ಅರ್ಥ ಬಂದದ್ದು ಮನೂರಿನಲ್ಲಿರುವ ನನ್ನ ಅಕ್ಕ ನಾಗಮ್ಮನಿಂದ. ಅಕ್ಕನಿಗೆ ಕಣ್ಣು ಹೋಗಿ ಬಹಳ ವರ್ಷವಾಯಿತು. ಆದರೂ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯುತ್ತಾಳೆ, ಕುರಿಮರಿಯ ಮೈ ಸವರಿ ಅದರ ತಾಯಿ ಯಾವುದೆಂದು ಹೇಳುತ್ತಾಳೆ. ನಾನು ಕಣ್ಣಿದ್ದೂ ಮದುವೆಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುವವನು. ಭಾವ ಕುರಿ ಹೊಡೆದುಕೊಂಡು ಕಲ್ಹೇರಿನ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವರೊಡನೆ ಮಾತಾಡಲು ಪಕ್ಕದ ಮನೆಯವರು ನಂಬರು ಒತ್ತಿಕೊಡಬೇಕು. ಒತ್ತಿಕೊಟ್ಟವರು ಅಲ್ಲೇ ನಿಂತು ಪೂರಾ ಕೇಳಿಸಿಕೊಂಡೇ ಹೋಗುವರು. ಗಂಡನ ಜತೆ ಎರಡು ಮಾತು ಒಬ್ಬಳೇ ಆಡಬೇಕೆಂಬುದಷ್ಟೇ ಅಕ್ಕನ ಆಸೆ.

ಫೋನು ಸದಾ ಕಿವಿ ತೆರೆದುಕೊಂಡೇ ಇರುವಂತೆ ಪ್ರೋಗ್ರಾಂ ತಿದ್ದಿದೆ. ಒಬ್ಬೊಬ್ಬರ ಹೆಸರನ್ನೂ ಅಕ್ಕ ಒಮ್ಮೆ ಹೇಳಿ ಕಲಿಸಿದರೆ ಸಾಕು, ಮುಂದೆ ಅದೇ ದನಿ ಕೇಳಿದಾಗ ಅವರಿಗೆ ಫೋನು ಹೋಗುತ್ತದೆ. ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ಮನೂರಿಗೆ ಹೋದೆ. ಅಕ್ಕ ತನ್ನ ಮಗಳ ಹೆಸರು, ನನ್ನ ಹೆಸರು ಸಲೀಸಾಗಿ ಹೇಳಿದಳು. ಭಾವನ ಸರದಿ ಬಂದಾಗ ಬಾಯಿಗೆ ಸೆರಗು ಹಿಡಿದು ಕೂತುಬಿಟ್ಟಳು. ಗಂಡನ ಹೆಸರು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಮನೆಯ ಯಾವ ಹೆಂಗಸೂ ಹೇಳಿದವಳಲ್ಲ. ಬುದ್ಧಿವಂತನಾದ ನನಗೆ ಅದೊಂದು ಹೊಳೆದಿರಲಿಲ್ಲ. ಮನೆಯಲ್ಲಿ ಹೇಗೆ ಕರೆಯುತ್ತೀಯೋ ಹಾಗೇ ಕರೆ ಎಂದೆ.

"ಮನ್ಯಾಗ ನಾ ಎಲ್ಲಿ ಕರೀತೀನೋ? ಬಳಿ ಸಪ್ಪಳ ಮಾಡ್ತೀನಿ, ಅವ್ರು ಬರ್ತಾರ" ಎಂದು ಬಳೆ ತೊಟ್ಟ ಕೈ ಅಲ್ಲಾಡಿಸಿದಳು.

ಫೋನಿಗೆ ಅದನ್ನೇ ಕಲಿಸಿದೆ. ಇನ್ನೊಮ್ಮೆ ಅಲ್ಲಾಡಿಸಿದಳು, ಅತ್ತ ಕಡೆಯಿಂದ ಭಾವ ಹಲೋ ಎಂದರು. ಅಕ್ಕ ಕೈಸನ್ನೆ ಮಾಡಿ ನನ್ನನ್ನೂ ಹೊರಗೆ ಕಳಿಸಿದಳು.

ವಾರದೊಳಗೆ ದೋಷ ಗೊತ್ತಾಯಿತು. ಅಕ್ಕ ರೊಟ್ಟಿ ಬಡಿಯಲು ಕೂತರೆ ಸಾಕು, ಬಳೆಯ ಸದ್ದಿಗೆ ಭಾವನಿಗೆ ಫೋನು ಹೋಗುತ್ತಿತ್ತು. ನಾಚಿಕೆಯಾಗಿ, ನಾಳೆಯೇ ಮನೂರಿಗೆ ಹೋಗಿ ಸರಿಮಾಡುತ್ತೇನೆಂದು ಭಾವನಿಗೆ ಫೋನಿನಲ್ಲಿ ಹೇಳಿದೆ.

"ಅದಕ್ಕ ಕೈ ಹಚ್ಚಬ್ಯಾಡ್ರಿ ಮಾಸ್ತರ," ಎಂದರು. "ಅಡವ್ಯಾಗ ಕುಂತು ದಿನಾ ನಮ್ಮ ಮನಿ ರೊಟ್ಟಿ ಸಪ್ಪಳ ಕೇಳ್ಲಿಕತ್ತೀನಿ."

ಮಕ್ಕಳ ತಪ್ಪು ತಿದ್ದುವುದರಲ್ಲೇ ಆಯುಷ್ಯ ಕಳೆದವನು ನಾನು. ಇಷ್ಟು ವರ್ಷಕ್ಕೆ ನನ್ನ ಕೆಲಸವನ್ನು ಒಬ್ಬರು ಮೆಚ್ಚಿದರು, ಅದೂ ನಾನು ತಿದ್ದದೆ ಬಿಟ್ಟ ತಪ್ಪಿಗೆ.