ಮುಕ್ಕಾಲು ಗಂಟೆಯ ವಾಕಿಂಗ್

ಹೆತ್ತ ಹೆಂಗಸಿನ ಸೊಂಟದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯರನ್ನು ನಾನು ಈವರೆಗೆ ಕಂಡಿಲ್ಲ. ಹೆರುವ ಮುಂಚೆ ನನಗೊಂದು ಸೊಂಟ ಇದೆ ಎಂಬುದು ನನ್ನ ಗಂಡನಿಗೂ ಸರಿಯಾಗಿ ನೆನಪಿರಲಿಲ್ಲ. ಹೆತ್ತ ಮೇಲೆ ನೋಡಿ, ಹಾಲಿನವರಿಂದ ಹಿಡಿದು ನಾನು ಕೆಲಸ ಮಾಡುವ ಕಾಲೇಜಿನ ಗೇಟಿನ ಸೆಕ್ಯುರಿಟಿಯವರವರೆಗೆ ಎಲ್ಲರೂ ಮೊದಲು ಸೊಂಟ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ, ‘ಮೇಡಂ, ಸ್ವಲ್ಪ ಹೆಲ್ತಿ ಆಗಿದೀರಲ್ಲ?’ ಎನ್ನುತ್ತಾರೆ. ಬೆಂಗಳೂರಿನಲ್ಲಿ ದಪ್ಪಗಾಗಿದ್ದೀರಿ ಎಂದು ಹೇಳುವ ಸಭ್ಯ ವಿಧಾನ ಇದು. ಹೆಲ್ತಿಯಾಗಿರುವ ಹೆಂಗಸಿಗೆ ಮೆಟ್ಟಿಲು ಹತ್ತಿದರೆ ಉಸಿರು ಯಾಕೆ ಕಟ್ಟುತ್ತದೆ, ಹಾಲ್ ಟಿಕೆಟ್ ವಿಂಗಡಿಸುತ್ತ ಕೂತಲ್ಲೇ ತಲೆ ಯಾಕೆ ಮೇಜಿಗೆ ಬಡಿಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಭ್ಯತೆಯ ಗೊಡವೆಗೆ ಹೋಗದವರು ನಮ್ಮ ಓನರಮ್ಮ ಜಯಮ್ಮನವರು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮೂರಂತಸ್ತಿನ ಮನೆ ಎದ್ದಿರುವುದು ಅವರ ಮಾವನವರ ರಾಗಿ ಹೊಲದ ಮೇಲೆ. ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುವ ಅವರು, ನಾನು ಮಗುವನ್ನು ಎತ್ತಿಕೊಂಡು ಊರಿನಿಂದ ಬಂದಿಳಿದ ದಿನವೇ, ‘ಅಯ್ಯೋ, ಅದ್ಯಾಕಮ್ಮಣ್ಣಿ ಇಂಗೆ ಊದ್ಕಂಡಿದ್ದೀಯ? ನಾನು ನಾಕು ಎತ್ತೆ ಕಣಮ್ಮ, ಮೂರ್ ತಿಂಗ್ಳು ಕಳೀತಿದ್ದಂಗೆ ಒಲದಾಗೆ ಕಳೆ ಕೀಳ್ತಿದ್ದೆ’ ಎಂದರು. ಈಗ ಆ ಹೊಲದ ಮೇಲೆ ನಾನೇ ವಾಸವಾಗಿದ್ದೇನೆ, ಕಳೆ ಎಲ್ಲಿಂದ ತರಲಿ ಎಂದು ಕೇಳಬೇಕೆನಿಸಿತು. ಬಾಡಿಗೆಯವಳು ಎಂಬುದು ನೆನಪಾಗಿ ಹಲ್ಲು ಕಿರಿದು ಮೇಲೆ ಬಂದೆ.

ತಪ್ಪು ಪೂರ್ತಿ ನನ್ನದಲ್ಲ. ಗದಗಿನ ತವರಿನಲ್ಲಿ ನಡೆದ ಐದು ತಿಂಗಳ ಬಾಣಂತನದಲ್ಲಿ ನಮ್ಮವ್ವ ನನಗೆ ಉಣಿಸಿದ್ದನ್ನು ನೆನೆದರೆ ಇವತ್ತಿಗೂ ತೇಗು ಬರುತ್ತದೆ. ಬೆಳಿಗ್ಗೆ ಎದ್ದರೆ ಅಂಟಿನುಂಡಿ, ಹತ್ತು ಗಂಟೆಗೆ ಅಳ್ವಿ ಬೀಜದ ಪಾಯಸ, ಮಧ್ಯಾಹ್ನ ಅನ್ನದ ಮೇಲೆ ತುಪ್ಪವೋ ತುಪ್ಪದ ಮೇಲೆ ಅನ್ನವೋ ತಿಳಿಯದ ಹಾಗೆ ಊಟ. ‘ತಿನ್ನವಾ, ನಡಾ ಗಟ್ಟಿ ಆಗಬೇಕು’ ಎನ್ನುತ್ತಿದ್ದಳು. ನಡ ಗಟ್ಟಿಯಾಯಿತೋ ಇಲ್ಲವೋ, ದೊಡ್ಡದಂತೂ ಆಯಿತು. ಹೊಟ್ಟೆ ಜೋತುಬೀಳಬಾರದೆಂದು ಹಳೆಯ ಹತ್ತಿ ಸೀರೆಯನ್ನು ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದಳು ನಿಜ. ಏಪ್ರಿಲ್ ತಿಂಗಳ ಗದಗಿನ ಸೆಖೆಯಲ್ಲಿ, ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ, ಅವಳು ಅತ್ತ ಹೋದದ್ದೇ ತಡ ನಾನು ಆ ಕಟ್ಟನ್ನು ಸಡಿಲ ಮಾಡಿಕೊಳ್ಳುತ್ತಿದ್ದೆ. ಆ ಪಾಪವೇ ಈಗ ನನ್ನ ಮುಂದೆ ಬಂದು ಕೂತಿದೆ.

ಪುಟ್ಟೇನಹಳ್ಳಿಗೆ ಬಂದ ಮೇಲೆ ಪಥ್ಯ ಮಾಡಲಿಲ್ಲವೆಂದೇನೂ ಅಲ್ಲ. ಸಕ್ಕರೆ ಬಿಟ್ಟೆ. ಎಣ್ಣೆ ಪದಾರ್ಥ ಬಿಟ್ಟೆ. ಎರಡೇ ರೊಟ್ಟಿ, ಒಂದು ಬಟ್ಟಲು ಪಲ್ಯ ಎಂದು ನಿಯಮ ಹಾಕಿಕೊಂಡೆ, ಪಾಲಿಸಿದೆ ಕೂಡ. ಆದರೆ ನನ್ನ ಮಗಳು ಅಮೂಲ್ಯ ಇದ್ದಾಳಲ್ಲ, ಅವಳು ಬಟ್ಟಲಲ್ಲಿರುವ ರಾಗಿ ಸರಿಯಲ್ಲಿ ಮೂರು ಚಮಚ ತಿಂದು ಬಾಯಿ ಹೊಲಿದುಕೊಂಡವಳಂತೆ ಕೂತುಬಿಡುತ್ತಾಳೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬರುತ್ತದೆಯೇ? ಅರ್ಧ ಬಾಳೆಹಣ್ಣು, ಕಚ್ಚಿಟ್ಟ ಇಡ್ಲಿ, ಜೊಲ್ಲು ಬೆರೆತ ಬಿಸ್ಕತ್ತು, ತುಪ್ಪ ಹಾಕಿ ಕಲಸಿದ ಬೇಳೆ ಅನ್ನ, ಎಲ್ಲವೂ ನಿಂತಲ್ಲಿಯೇ ನನ್ನ ಬಾಯಿಗೆ ಹೋಗುತ್ತಿತ್ತು. ಕೂತು ಉಂಡದ್ದು ಮಾತ್ರ ಊಟ, ನಿಂತು ನುಂಗಿದ್ದು ಮನೆಗೆಲಸ ಎಂದು ನಾನು ಬಲವಾಗಿ ನಂಬಿದ್ದೆ.

ನನ್ನ ಗಂಡ ಉತ್ಸಾಹದಿಂದ ಒಂದು ತೂಕದ ಯಂತ್ರ ತಂದರು. ಎರಡು ವಾರ ಅದರ ಮೇಲೆ ಹತ್ತಿ ಇಳಿದೆ. ಅದು ಒಂದೇ ಅಂಕಿಯನ್ನು ಹಟ ಹಿಡಿದು ತೋರಿಸಿ, ಕೊನೆಗೆ ಸೆಲ್ ಮುಗಿದು ಕಣ್ಣು ಮುಚ್ಚಿತು. ಈಗ ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ ಕೂತಿದೆ. ಡಬ್ಬಿಯನ್ನು ಅಲ್ಲಿಟ್ಟವರು ಅತ್ತೆ, ಅಂದರೆ ನನ್ನ ಗಂಡನ ತಾಯಿ. ಮಗುವನ್ನು ನೋಡಿಕೊಳ್ಳಲೆಂದೇ ರೋಣದಿಂದ ಬಂದು ನಮ್ಮ ಜೊತೆಗಿರುವವರು. ಅವರಿಗೆ ಯಂತ್ರದ ಮೇಲೆ ನಂಬಿಕೆಯಿಲ್ಲ. ಅವರ ಅಳತೆ ಬಳೆಯದು. ಸೀಮಂತದ ಕುಬಸ ಮಾಡಿದ ದಿನದಿಂದ ನನ್ನ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆಗಳು ಇರಲೇಬೇಕೆಂದು ಅವರ ಅಪ್ಪಣೆ. ವಾರಕ್ಕೊಮ್ಮೆ, ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಿ ನನ್ನ ಕೈ ಹಿಡಿದು, ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ ನೋಡುತ್ತಿದ್ದರು. ಅವು ಮಣಿಕಟ್ಟು ದಾಟುತ್ತಿರಲಿಲ್ಲ. ‘ಹ್ಞೂಂ, ಅಲುಗಾಡವಲ್ವು’ ಎಂದು ನಿಟ್ಟುಸಿರು ಬಿಡುತ್ತಿದ್ದರು.

ಹಾಗೆ ಬಳೆ ನೋಡಿದ ಒಂದು ಸೋಮವಾರ ಅವರೇ, ‘ಶೈಲಾ, ನೀ ಮುಂಜಾನೆ ಕೆರಿ ಸುತ್ತ ನಡದ್ ಬಾ. ಮುಕ್ಕಾಲು ತಾಸು ಕೂಸನ್ನ ನಾ ನೋಡ್ಕೋತೀನಿ’ ಎಂದರು. ನನ್ನ ಗಂಡನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಸ್ಟ್ ಶಿಫ್ಟು, ಐದೂವರೆಗೆಲ್ಲ ಮನೆ ಬಿಟ್ಟಿರುತ್ತಾರೆ. ಹಾಗಾಗಿ ಮಗು ಅತ್ತೆಯ ಪಾಲಿಗೇ. ಆರೂಕಾಲಿನಿಂದ ಏಳರವರೆಗೆ ನಾನು ಒಬ್ಬಳೇ ಹೊರಗಿರಬಹುದು! ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಸೊಂಟ ನೆನಪಾಗಲಿಲ್ಲ. ಒಂದು ವರ್ಷದ ಮೇಲೆ ಒಂದು ತಿಂಗಳಾಗಿತ್ತು, ಕಾಲೇಜು ಬಿಟ್ಟರೆ ನಾನು ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಲ್ಲಿ ಐದು ಪುಟ್ಟ ಬೆರಳು ಬರುತ್ತಿದ್ದವು.

ಮೊದಲ ದಿನ ಒಂದು ಪೂರ್ತಿ ಸುತ್ತು ನಡೆದೆ. ಕೈಗಳನ್ನು ಗಾಳಿಯಂತ್ರದ ಹಾಗೆ ಬೀಸುತ್ತ ಹೋಗುವ ನಿವೃತ್ತ ಹಿರಿಯರು, ಕೊಕ್ಕರೆಯ ಫೋಟೊಗಾಗಿ ಉಸಿರು ಬಿಗಿಹಿಡಿದು ನಿಂತ ಹುಡುಗರು, ಎಲ್ಲರೂ ನನ್ನನ್ನು ದಾಟಿ ಹೋದರು. ಎರಡನೆಯ ದಿನ ಅರ್ಧ ಸುತ್ತಿಗೆ ಕಾಲು ಸೋತವು. ಮೂರನೆಯ ದಿನ ಹೊಂಗೆ ಮರದ ಕೆಳಗೆ ಒಂದು ಕಲ್ಲು ಬೆಂಚು ಕಣ್ಣಿಗೆ ಬಿತ್ತು. ಎರಡು ನಿಮಿಷ ಕೂರೋಣವೆಂದು ಕೂತೆ. ಎಚ್ಚರವಾದಾಗ ಏಳಕ್ಕೆ ಐದು ನಿಮಿಷವಿತ್ತು. ವಾಯುನೆಲೆಯ ವಿಮಾನವೊಂದು ನೆತ್ತಿಯ ಮೇಲೆ ಹಾದುಹೋಗಿದ್ದೂ ನನಗೆ ಗೊತ್ತಾಗಿರಲಿಲ್ಲ. ಅಯ್ಯೋ, ಆ ನಿದ್ದೆಯ ಸುಖವನ್ನು ಹೇಗೆ ಹೇಳಲಿ! ಯಾರೂ ಎಬ್ಬಿಸದ, ಯಾರೂ ಕೂದಲು ಜಗ್ಗದ, ಯಾರ ಬಾಯಿಗೂ ಏನನ್ನೂ ಹಿಡಿಯಬೇಕಿಲ್ಲದ ನಿದ್ದೆ. ನಾಲ್ಕನೆಯ ದಿನ ನೆಟ್ಟಗೆ ಬೆಂಚಿಗೇ ಹೋದೆ. ಐದನೆಯ ದಿನ ಗಾಳಿಗೆ ಇರಲಿ ಎಂದು ಶಾಲು ಒಯ್ದೆ. ಮನೆಗೆ ತಿರುಗುವ ಮುನ್ನ ಕೊನೆಯ ನೂರು ಹೆಜ್ಜೆ ಓಡಿ, ಬೆವರು ಬರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ.

ಹೀಗೆ ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಅಮೂಲ್ಯ ನಡೆಯಲು ಕಲಿತಳು. ನಡೆದಳು ಎನ್ನುವುದಕ್ಕಿಂತ ಓಡಿದಳು ಎನ್ನುವುದೇ ಸರಿ. ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟರೆ ಸಾಕು, ಅವಳು ಮೆಟ್ಟಿಲ ಕಡೆಗೆ, ನಾನು ಅವಳ ಹಿಂದೆ. ಅವಳು ಬಕೆಟ್ಟಿನ ಕಡೆಗೆ, ನಾನು ಅಡ್ಡ. ಅವಳ ಉಳಿಕೆಯನ್ನು ನುಂಗಲು ನಿಲ್ಲುವುದಕ್ಕೂ ಪುರಸೊತ್ತಿಲ್ಲದ ಹಾಗಾಯಿತು. ಒಂದು ಸಂಜೆ ಅತ್ತೆ ಎಣ್ಣೆ ಹಚ್ಚುತ್ತ ಬಳೆ ಸರಿಸಿದರು. ಅವು ಗಲಗಲ ಎನ್ನುತ್ತ ಮೊಣಕೈವರೆಗೆ ಹೋಗಿ ನಿಂತವು. ನಾನು ಹೆದರಿ ಕೈ ಎಳೆದುಕೊಂಡೆ. ಅತ್ತೆ, ‘ಇಳದೀ ಬಿಡು, ಚಲೋ ಆತು. ಇನ್ನ ವಾಕಿಂಗ್ ಸಾಕು’ ಎಂದರು.

ಹದಿನೈದು ತಿಂಗಳಿಂದ ಯಾವ ಮಾತು ಕೇಳಬೇಕೆಂದು ನಾನು ಹಂಬಲಿಸಿದ್ದೆನೋ ಆ ಮಾತನ್ನು ಹೇಳಿದ್ದರು. ನನಗೆ ಅಳು ಬಂತು. ತೆಳ್ಳಗಾದದ್ದಕ್ಕೆ ಶಿಕ್ಷೆಯೇ ಇದು? ನನ್ನ ಮುಕ್ಕಾಲು ಗಂಟೆ, ನನ್ನ ಬೆಂಚು, ನನ್ನ ಹೊಂಗೆ ಮರ! ‘ಇಲ್ರಿ ಅತ್ತಿ, ಬಳಿ ಸುಮ್ನ ಎಣ್ಣಿಗೆ ಜಾರಿದ್ವು. ಇನ್ನೂ ಭಾಳ ಇಳೀಬೇಕು’ ಎಂದೆ. ‘ಮುಂದಿನ ವಾರ ನೋಡೂಣು’ ಎಂದು ಅತ್ತೆ ಮಾತು ಮುಗಿಸಿದರು.

ಆ ಒಂದು ವಾರದಲ್ಲಿ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಕಾಲೇಜಿನಿಂದ ಬರುತ್ತ ಯಲಹಂಕ ಹಳೇಪಟ್ಟಣದ ಬಳೆ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ಕೈಯನ್ನು ಒಮ್ಮೆ ಅಮುಕಿ ನೋಡಿ, ‘ನಿಮಗೆ ಎರಡು ಆರು ಕರೆಕ್ಟಾಗಿ ಆಗುತ್ತೆ ಮೇಡಂ’ ಎಂದರು. ‘ಎರಡು ನಾಲ್ಕು ಕೊಡಿ’ ಎಂದೆ. ‘ಟೈಟ್ ಆಗುತ್ತಲ್ಲ?’ ‘ಟೈಟೇ ಬೇಕು.’ ಅವರು ನನ್ನನ್ನು ಒಂದು ಥರ ನೋಡಿದರು. ಅದೇ ಹಸಿರು, ಅದೇ ನಯ, ಅಳತೆ ಮಾತ್ರ ಒಂದು ಸುತ್ತು ಚಿಕ್ಕದು. ಸೋಪು ಹಚ್ಚಿ, ಬೆರಳು ಮಡಚಿ, ನಾನು ಹಲ್ಲು ಕಚ್ಚಿ, ಅಂತೂ ಡಜನ್ ಬಳೆ ಒಳಗೆ ಹೋದವು. ಎರಡು ಒಡೆದವು. ಲೋಕದ ಹೆಂಗಸರೆಲ್ಲ ತೆಳ್ಳಗೆ ಕಾಣಬೇಕೆಂದು ಒದ್ದಾಡುತ್ತಿರುವಾಗ, ಇಳಿದ ಮೈಯನ್ನು ಬಚ್ಚಿಡಲು ಕೈ ಗೀರಿಸಿಕೊಂಡವಳು ಬಹುಶಃ ನಾನೊಬ್ಬಳೇ.

ಸೋಮವಾರ ಸಂಜೆ ಅತ್ತೆ ಬಳೆ ಸರಿಸಿದರು. ಮಣಿಕಟ್ಟಿನಿಂದ ಕದಲಲಿಲ್ಲ. ನಾನು ಮುಖವನ್ನು ಆದಷ್ಟು ದುಃಖದಿಂದ ಇಟ್ಟುಕೊಂಡೆ. ಅತ್ತೆ ನನ್ನ ಕೈಯನ್ನು ಬೆಳಕಿಗೆ ಹಿಡಿದು, ‘ಶೈಲಾ, ಆ ಬಳಿ ತಗಿ. ಕೈಗೆ ಗೆರಿ ಬಿದ್ದಾವು’ ಎಂದರು.

ನಾನು ಕೈಯನ್ನು ಬೆನ್ನ ಹಿಂದೆ ಒಯ್ದೆ.

‘ನೀ ಕೆರಿ ದಂಡಿ ಮ್ಯಾಲ ಮಲಗೂದು ನನಗ ಮೊದಲನೇ ವಾರದಾಗನ ಗೊತ್ತಾಗೇತಿ. ಜಯಮ್ಮ ಬಂದು ಹೇಳಿ ಹ್ವಾದ್ಲು.’

ಜಯಮ್ಮನವರು ಹಾಲಿನ ಪ್ಯಾಕೆಟ್ಟಿಗೆಂದು ಹೋದವರು ನನ್ನನ್ನು ನೋಡಿ, ‘ನಿಮ್ ಸೊಸೆ ಬೆಂಚ್ನಾಗೆ ಒರಗ್ಕಂಡು ಗೊರ್ಕೆ ಒಡೀತಾವ್ಳೆ’ ಎಂದು ವರದಿ ಒಪ್ಪಿಸಿದ್ದರಂತೆ. ನಾನು ಗೊರಕೆ ಹೊಡೆಯುತ್ತೇನೆಂದು ನನಗೆ ಗೊತ್ತಾದದ್ದೇ ಅಂದು. ‘ಮತ್ಯಾಕ ಏನೂ ಅನ್ಲಿಲ್ರಿ?’ ಎಂದೆ.

‘ಏನಂತ ಅನ್ಲಿ? ನಿನ್ನ ಮಾರಿ ನೋಡಿದ್ರ ನಿದ್ದಿಗೆಟ್ಟದ್ದು ಗೊತ್ತಾಗ್ತಿತ್ತು. ಮಲಗ್ಲಿ ಅಂತ ಬಿಟ್ಟೆ.’

‘ಮತ್ತ ಈಗ ಸಾಕು ಅಂದ್ರಿ?’

ಅತ್ತೆ ಎಣ್ಣೆ ಬಟ್ಟಲನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ‘ನನಗೂ ದಣಿವಾಕ್ಕೈತವಾ. ಕೂಸು ಓಡ್ಯಾಡಾಕ ಹತ್ತಿಂದ ನನ್ನ ಮೊಣಕಾಲು ನನ್ನ ಮಾತು ಕೇಳವಲ್ವು. ಹಗಲೆಲ್ಲಾ ಇದ್ದದ್ದ, ಮ್ಯಾಲ ಮುಂಜಾನೆ ಆ ಮುಕ್ಕಾಲು ತಾಸೂ ಆಕಿ ಬೆನ್ನು ಹತ್ತಿ ಹತ್ತಿ ಸುಸ್ತಾಗಿ ಹೋಗ್ತೀನಿ. ಮೊಮ್ಮಗಳನ್ನ ನೋಡಾಕ ಆಗವಲ್ದು ಅಂತ ಬಾಯಿಬಿಟ್ಟು ಹೆಂಗ ಹೇಳ್ಲಿ? ಬಳಿ ಸಡ್ಲಾಗಿದ್ವಲ್ಲ, ಅದನ್ನ ನೆಪ ಮಾಡ್ದೆ.’

ನನಗೆ ನಾಚಿಕೆಯಾಯಿತು. ನನ್ನ ದಣಿವನ್ನು ನಾನು ಇಡೀ ಕೆರೆಯ ಏರಿಗೆ ತೋರಿಸಿದ್ದೆ. ಅವರ ದಣಿವು ಒಂದೇ ಮನೆಯಲ್ಲಿದ್ದ ನನಗೆ ಕಂಡಿರಲಿಲ್ಲ. ಅರವತ್ತೆರಡು ವರ್ಷದ ಹೆಂಗಸು ಐದು ಗಂಟೆಗೆ ಎದ್ದು ಮಗನಿಗೆ ಬುತ್ತಿ ಕಟ್ಟಿ, ಆಮೇಲೆ ನನ್ನ ಮಗಳ ಹಿಂದೆ ಓಡುತ್ತಿದ್ದರು, ನಾನು ಶಾಲು ಹೊದ್ದು ಗೊರಕೆ ಹೊಡೆಯಲಿ ಎಂದು. ಇಬ್ಬರೂ ಕೂತು ನ್ಯಾಯ ತೀರ್ಮಾನ ಮಾಡಿಕೊಂಡೆವು. ಪಾಳಿ. ಒಂದು ದಿನ ನಾನು, ಒಂದು ದಿನ ಅವರು. ವಾಕಿಂಗ್ ಎಂಬ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವುದು, ಮನೆಯ ಗಂಡಸಿಗೆ ಇದೆಲ್ಲ ತಿಳಿಯಬೇಕಾಗಿಲ್ಲ.

ಅತ್ತೆಯ ಪಾಳಿ ಒಂದು ಭಾನುವಾರ ಬಂತು. ಹೋದದ್ದು ಆರೂಕಾಲಿಗೆ, ಬಂದದ್ದು ಏಳೂವರೆಗೆ. ಅಷ್ಟರಲ್ಲಿ ಅಮೂಲ್ಯ ರಾಗಿ ಸರಿಯನ್ನು ನೆಲಕ್ಕೆ ಬಳಿದು ಅದರಲ್ಲಿ ಕೂತಿದ್ದಳು. ರಜೆಯೆಂದು ಮನೆಯಲ್ಲಿದ್ದ ನನ್ನ ಗಂಡ ಅವಳನ್ನು ಎತ್ತಿಕೊಂಡು ತಾವೂ ಸರಿ ಬಳಿದುಕೊಂಡಿದ್ದರು. ಅತ್ತೆಯ ತಲೆಗೂದಲು ಒಂದು ಕಡೆ ಚಪ್ಪಟೆಯಾಗಿತ್ತು, ಎಡಗೆನ್ನೆಯ ಮೇಲೆ ನೆರಿಗೆಯ ಗುರುತು. ‘ಎಷ್ಟು ನಡದಿ ಬೇ ಯವ್ವಾ?’ ಎಂದು ಮಗ ಕೇಳಿದರು. ‘ಕಾಲು ಬಿದ್ದು ಹ್ವಾದ್ವು ನೋಡಪಾ’ ಎಂದು ಅತ್ತೆ ಕುರ್ಚಿಯಲ್ಲಿ ಕೂತು ಮೊಣಕಾಲು ಒತ್ತಿಕೊಂಡರು. ‘ಪಾಪ, ಮಾರಿ ನೋಡ್ರಿ ಎಷ್ಟು ದಣದೈತಿ’ ಎಂದು ನಾನು ಸಾಕ್ಷಿ ಹೇಳಿದೆ.

ಗಂಡ ನಮ್ಮಿಬ್ಬರನ್ನೂ ಮೆಚ್ಚುಗೆಯಿಂದ ನೋಡಿದರು. ‘ನಿಮ್ಮನ್ನ ನೋಡಿ ನನಗ ನಾಚಿಕಿ ಆಗಾಕತ್ತೇತಿ. ವಾರಕ್ಕ ಒಂದ ದಿನ, ಐತವಾರ ಅಷ್ಟ, ನಾನೂ ಹೋಗಿ ಬರ್ತೀನಿ’ ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ. ವಾರವಿಡೀ ನಸುಕಿನಲ್ಲೇ ಎದ್ದು ಬಸ್ಸು ಹಿಡಿದವರ ಕಣ್ಣು, ಕೆಂಪಗಾಗಿ ಒಳಕ್ಕೆ ಹೋಗಿತ್ತು. ನಿಂತಲ್ಲೇ ತೂಕಡಿಸುವಂತಿದ್ದರು. ಅದು ನನಗೆ ಸ್ಪಷ್ಟವಾಗಿ ಕಾಣಿಸಿತು, ಕಾಣಿಸಲಿಲ್ಲವೆಂದು ಸುಳ್ಳು ಹೇಳಲಾರೆ.

‘ಬ್ಯಾಡ್ರಿ, ಮದ್ಲ ಸಣ್ಣ ಅದೀರಿ. ನಡದ್ರ ಇನ್ನೂ ಸೊರಗ್ತೀರಿ’ ಎಂದು ಹೇಳಿ, ಮಗುವಿಗೆ ಸ್ನಾನ ಮಾಡಿಸಿರೆಂದು ಅವರನ್ನೇ ಬಚ್ಚಲಿಗೆ ಕಳಿಸಿದೆ.