ಮೊದಲ ಏಟಿಗೇ ಸರಿ ಬಂದ ಪೋಸ್ಟರಿನ ಪ್ರಕರಣ

ಸದರಿ ಕಲೆ ಮತ್ತು ವಿನ್ಯಾಸ ಕಾಲೇಜಿನಲ್ಲಿ, ಸ್ಥಾಪನೆಯಾದಂದಿನಿಂದಲೂ, ವಿದ್ಯಾರ್ಥಿಗಳು ಚೆನ್ನಾಗಿ ಚಿತ್ರ ಬರೆಯುವುದನ್ನು ತಡೆಗಟ್ಟುವ ಯಾವ ನಿಯಮವೂ ಇರಲಿಲ್ಲ. ಈ ಗಂಭೀರ ಲೋಪವನ್ನು ಮನಗಂಡ ಪಠ್ಯಕ್ರಮ ಸಮಿತಿಯು ಹಲವು ಸಭೆ ನಡೆಸಿ, ಪ್ರತಿ ಸಭೆಯಲ್ಲೂ ತಿಂಡಿ ತಿಂದು, ಹೊಸ ಪದ್ಧತಿಯೊಂದನ್ನು ಜಾರಿಗೆ ತಂದಿತು. ಅದರ ಪ್ರಕಾರ ನೂರು ಅಂಕಗಳಲ್ಲಿ ಎಂಬತ್ತು ಕರಡು ಚಿತ್ರಗಳಿಗೆ, ಹದಿನೈದು ಆ ಕರಡುಗಳು ಯಾಕೆ ಕೆಟ್ಟವೆಂಬ ವಿವರಣೆಗೆ, ಉಳಿದ ಐದು ಮುಗಿದ ಚಿತ್ರಕ್ಕೆ. ಮುಗಿದ ಚಿತ್ರ ಕಡ್ಡಾಯವಲ್ಲ. ಕಲಿಯುವವರು ತಪ್ಪು ಮಾಡುತ್ತಾರೆ, ಆದಕಾರಣ ತಪ್ಪು ಮಾಡದವರು ಕಲಿಯುತ್ತಿಲ್ಲ ಎಂದು ಸಮಿತಿ ಒಮ್ಮತದಿಂದ ಷರಾ ಬರೆಯಿತು.

ಈ ಪದ್ಧತಿ ಎಲ್ಲರಿಗೂ ಒಗ್ಗಿತು, ಎರಡನೇ ವರ್ಷದ ಒಬ್ಬ ಹುಡುಗಿಯನ್ನು ಬಿಟ್ಟು. ಜೊತೆಯವರು ಅವಳನ್ನು ‘ಒಂದೇಟು’ ಎಂದು ಕರೆಯುತ್ತಿದ್ದರು. ಅವಳಮ್ಮನದು ಬೀದಿ ಕೊನೆಯ ಇಸ್ತ್ರಿ ಅಂಗಡಿ. ಇಸ್ತ್ರಿ ಮೇಜಿನ ಕೆಳಗೆ ಕೂತು, ಬಟ್ಟೆ ಸುತ್ತುವ ಹಳೇ ಕಾಗದದ ಮೇಲೆ ಗೀಚುತ್ತಾ ಬೆಳೆದವಳಿಗೆ, ಗೆರೆ ಎಲ್ಲಿಗೆ ಹೋಗಬೇಕೆಂದು ಪೆನ್ಸಿಲು ಮುಟ್ಟುವ ಮುಂಚೆಯೇ ಗೊತ್ತಿರುತ್ತಿತ್ತು. ಮನೆಯವರು ಇದನ್ನು ವರವೆಂದು ತಿಳಿದು ಕಾಲೇಜಿಗೆ ಸೇರಿಸಿದ್ದರು. ಪಾಪ, ಅವರಿಗೇನು ಗೊತ್ತು.

ಮೊದಲ ಅಭ್ಯಾಸಕ್ಕೆ ‘ಕೈ ತೊಳೆಯಿರಿ’ ಎಂಬ ಪೋಸ್ಟರ್ ಮಾಡಬೇಕಿತ್ತು. ಹುಡುಗಿ ಒಂದೇ ಸಲ ಕೂತು ಎರಡು ಕೈ, ಒಂದು ನಲ್ಲಿ ಬರೆದು ತಂದಿಟ್ಟಳು. ವಿಭಾಗದ ಮುಖ್ಯಸ್ಥರು ಅದನ್ನು ಅರೆಗಳಿಗೆ ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತಾ ಕೇಳಿದರು: “ರಫ್ ಎಲ್ಲಮ್ಮಾ?”

“ರಫ್ ಮಾಡಿಲ್ಲ ಸರ್. ಮೊದಲ ಸಲವೇ ಸರಿ ಬಂತು.”

“ಅದು ಹೇಗೆ ಬರುತ್ತೆ?”

“ಗೊತ್ತಿಲ್ಲ ಸರ್. ಬಂದ್ಬಿಡ್ತು.”

“ನೋಡಮ್ಮಾ, ನೀನು ತಪ್ಪು ಮಾಡಿದ್ದಿದ್ರೆ ನಾನು ತಿದ್ದಬಹುದಿತ್ತು. ತಿದ್ದೋಕೆ ಏನೂ ಇಲ್ಲ ಅಂದ್ರೆ ನಾನು ಇಲ್ಲಿ ಯಾಕಿದ್ದೀನಿ?”

ಪ್ರಶ್ನೆ ನ್ಯಾಯವಾದದ್ದೇ. ಮುಖ್ಯಸ್ಥರು ಐದಕ್ಕೆ ಐದು ಕೊಟ್ಟು, ನೂರಕ್ಕೆ ಐದು ಎಂದು ಬರೆದು, ವರ್ಷದ ಕೊನೆಯೊಳಗೆ ತಕ್ಕಷ್ಟು ತಪ್ಪುಗಳನ್ನು ಹಾಜರುಪಡಿಸದಿದ್ದರೆ ಕಾಲೇಜಿನಿಂದ ಹೆಸರು ತೆಗೆಯಲಾಗುವುದೆಂದು ಪ್ರೀತಿಯಿಂದಲೇ ತಿಳಿಸಿದರು.

ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು ‘ರಬ್ಬರ್’ ಎಂಬ ಅಡ್ಡಹೆಸರಿನ ಹುಡುಗ. ಅವನು ಎರಡು ವರ್ಷದಲ್ಲಿ ಒಂದು ಚಿತ್ರವನ್ನೂ ಮುಗಿಸಿರಲಿಲ್ಲ. ಕರಡುಗಳನ್ನು ಹೊರಲು ತಮ್ಮನನ್ನು ಕರೆದುಕೊಂಡು ಬರುತ್ತಿದ್ದ. ಹುಡುಗಿಯ ಕಷ್ಟ ಕೇಳಿ ಅವನ ಮನಸ್ಸು ಕರಗಿತು.

“ಅಯ್ಯೋ, ಅಷ್ಟಕ್ಕೆ ಅಳ್ತಾರಾ? ಸರಿಯಾದ್ದನ್ನ ಎದುರಿಗೆ ಇಟ್ಕೋ. ಒಂಚೂರು ಕೆಡಿಸಿ ಇನ್ನೊಂದು ಬರಿ. ಅದನ್ನ ನೋಡಿ ಇನ್ನೂ ಕೆಡಿಸು. ಹಾಗೇ ಹಿಂದಕ್ಕೆ ಹೋಗ್ತಾ ಇರು. ಕೊನೇಗೆ ಕೈ ಯಾವುದು ನಲ್ಲಿ ಯಾವುದು ನಿಂಗೇ ಗೊತ್ತಾಗಬಾರದು. ಅದನ್ನ ‘ಮೊದಲ ಆಲೋಚನೆ’ ಅಂತ ಮೇಲಿಡು.”

ಈ ನಡುವೆ ಸೂಚನಾ ಫಲಕದಲ್ಲಿ ಪ್ರಕಟಣೆಯೊಂದು ಕಾಣಿಸಿಕೊಂಡಿತು: “ಕರಡುಗಳು ಮುದುಡಿರತಕ್ಕದ್ದು. ಮುದುಡದ ಕರಡನ್ನು ಕರಡೆಂದು ಪರಿಗಣಿಸಲಾಗದು. ಪ್ರತಿ ಮೂರನೆಯ ಹಾಳೆಯಲ್ಲಿ ಕಾಫಿ ಲೋಟದ ಗುರುತು ಇರತಕ್ಕದ್ದು. ಕಾಫಿ ಕುಡಿಯದ ವಿದ್ಯಾರ್ಥಿಗಳು ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸುವುದು.” ಮರುದಿನವೇ ಗೇಟಿನ ಎದುರು ಮುಖ್ಯಸ್ಥರ ಭಾಮೈದ ಅಂಗಡಿ ತೆರೆದು, ಮೊದಲೇ ಮುದುಡಿ ಕಾಫಿ ಗುರುತು ಹಾಕಿದ ಹಾಳೆಗಳನ್ನು ಹೊಸ ಹಾಳೆಯ ಮೂರರಷ್ಟು ಬೆಲೆಗೆ ಮಾರತೊಡಗಿದ. ಇದು ಕೇವಲ ಕಾಕತಾಳೀಯವೆಂದು ಮುಖ್ಯಸ್ಥರು ಇನ್ನೊಂದು ಪ್ರಕಟಣೆ ಹೊರಡಿಸಿದರು. ಅದನ್ನೂ ಅದೇ ಹಾಳೆಯ ಮೇಲೆ ಮುದ್ರಿಸಲಾಗಿತ್ತು.

ಹುಡುಗಿ ಆ ಹಾಳೆ ಕೊಳ್ಳಲಿಲ್ಲ, ಮನೆಯಲ್ಲೇ ಕೂತು ಕೆಡಿಸಲು ಹೊರಟಳು. ಆದರೆ ಕೈ ಬಗ್ಗಬೇಕಲ್ಲ! ಎಡಗೈಯಲ್ಲಿ ಬರೆದಳು, ಸರಿ ಬಂತು. ಕಣ್ಣು ಮುಚ್ಚಿ ಬರೆದಳು, ಇನ್ನೂ ಚೆನ್ನಾಗಿ ಬಂತು. ಒಂದು ವಾರ ಒದ್ದಾಡಿ, ಓಡುವ ಬಸ್ಸಿನಲ್ಲಿ ನಿಂತು ಬರೆದು, ಕಡೆಗೂ ಒಂದು ರಾಶಿ ಕೆಟ್ಟ ಕೈಗಳನ್ನು ಒಟ್ಟುಮಾಡಿದಳು. ಪ್ರತಿ ಮೂರನೆಯದರ ಮೇಲೆ ಕಾಫಿ ಲೋಟ ಒತ್ತಿ, ಎಲ್ಲವನ್ನೂ ಚೆಂಡಿನ ಹಾಗೆ ಮುದುಡಿ ಚೀಲಕ್ಕೆ ತುಂಬಿ, ನೆಮ್ಮದಿಯಿಂದ ಸ್ನಾನಕ್ಕೆ ಹೋದಳು.

ತಾಯಿಯ ಕರುಳು. ಮಗಳು ಕಾಲೇಜಿಗೆ ಕೊಡಬೇಕಾದ ಕಾಗದವೆಲ್ಲ ಮುದ್ದೆಯಾಗಿ ಬಿದ್ದಿದ್ದನ್ನು ನೋಡಿ ಅಮ್ಮನಿಗೆ ಜೀವ ಹೋದಂತಾಯಿತು. ಗಿರಾಕಿಗಳ ಬಟ್ಟೆ ಬದಿಗಿಟ್ಟು, ಒಂದೊಂದೇ ಹಾಳೆ ಬಿಡಿಸಿ, ಹದವಾದ ಶಾಖದಲ್ಲಿ ಇಸ್ತ್ರಿ ಹಾಕಿ, ಅಂಗಿಯ ಹಾಗೆ ನೀಟಾಗಿ ಜೋಡಿಸಿಟ್ಟಳು. ಕಾಫಿ ಗುರುತನ್ನೂ ಅಷ್ಟಿಷ್ಟು ತೆಗೆದಿದ್ದಳು.

“ಅಮ್ಮಾ! ಏನ್ ಮಾಡಿಟ್ಟೆ?”

“ಏನ್ ಮಾಡಿದೆ ಅಂದ್ರೆ? ಮುದುಡಿದ್ದನ್ನ ಹಾಗೇ ಕೊಟ್ರೆ ಜನ ನನ್ನ ಬಗ್ಗೆ ಏನಂದ್ಕೋತಾರೆ?”

ಕಾಲೇಜು ಇದನ್ನು ಸಾಕ್ಷ್ಯನಾಶವೆಂದು ಪರಿಗಣಿಸಿತು. ಮೂವರು ಪ್ರಾಧ್ಯಾಪಕರ ವಿಚಾರಣಾ ಸಮಿತಿ ಕೂತು ಅಮ್ಮನನ್ನು ಕರೆಸಿತು. ಹಾಳೆಗಳನ್ನು ಮೊದಲಿದ್ದಂತೆಯೇ ಮುದುಡಿಕೊಡಬೇಕೆಂದು ಆದೇಶಿಸಿತು. ಇಪ್ಪತ್ತು ವರ್ಷ ಸುಕ್ಕು ತೆಗೆದ ಕೈಗೆ ಸುಕ್ಕು ಹಾಕಲು ಬರಲಿಲ್ಲ. ಅಮ್ಮ ಮುದುಡಿದ ಹಾಳೆಗಳು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಆಗುತ್ತಿದ್ದವು. ಕಡೆಗೆ ಪ್ರಾಧ್ಯಾಪಕರೇ ತೋಳು ಮಡಚಿ ಕೂತು ಮುದುಡಿದರು. ಮುದುಡುವಿಕೆ ಒಳಗಿನಿಂದ ಬರಬೇಕು ಎಂದರು ಒಬ್ಬರು. ಇಲ್ಲ, ಅಂಚಿನಿಂದ ಬರಬೇಕು ಎಂದರು ಇನ್ನೊಬ್ಬರು. ಮೂರನೆಯವರು ಇದರ ಬಗ್ಗೆ ವಿಚಾರಸಂಕಿರಣ ಮಾಡೋಣ ಎಂದರು, ಮಾಡಿದರು, ಊಟ ಚೆನ್ನಾಗಿತ್ತು.

“ಸರ್, ನನ್ನ ಮಗಳನ್ನ ಕಾಲೇಜಿಂದ ತೆಗೀಬೇಡಿ,” ಎಂದು ಅಮ್ಮ ಕೈ ಮುಗಿದಳು. “ತಪ್ಪು ನಂದು.”

‘ತಪ್ಪು’ ಎಂಬ ಮಾತು ಕಿವಿಗೆ ಬಿದ್ದದ್ದೇ ಸಮಿತಿಯ ಮುಖ ಅರಳಿತು. ಈ ಮನೆತನದಲ್ಲಿ ಇನ್ನೂ ಭರವಸೆ ಇದೆಯೆಂದು ದಾಖಲಿಸಿ, ಹುಡುಗಿ ರಜೆಯಲ್ಲಿ ಮುಖ್ಯಸ್ಥರ ‘ದೋಷಾಭ್ಯಾಸ ವಿಶೇಷ ತರಗತಿ’ಗೆ ಹಾಜರಾಗಬೇಕೆಂಬ ಷರತ್ತಿನ ಮೇಲೆ ಪಾಸು ಮಾಡಿತು. ತರಗತಿಗೆ ಬೇಕಾದ ಹಾಳೆಯನ್ನು ಎದುರಿನ ಅಂಗಡಿಯಲ್ಲೇ ಕೊಳ್ಳತಕ್ಕದ್ದು.

ರಜೆಯಿಡೀ ಹುಡುಗಿ ಖಾಲಿ ಕೋಣೆಯಲ್ಲಿ ಕೂತು ಕೈ ಬರೆದಳು. ಗೆರೆ ನೇರ ಹೋಗುತ್ತಿದ್ದಂತೆ ಮುಖ್ಯಸ್ಥರು ಮೊಣಕೈ ತಟ್ಟುತ್ತಿದ್ದರು. ಮೊದಮೊದಲು ಗಟ್ಟಿಯಾಗಿ ತಟ್ಟಬೇಕಾಗುತ್ತಿತ್ತು, ಆಮೇಲೆ ಮೆಲ್ಲಗೆ ಮುಟ್ಟಿದರೆ ಸಾಕಾಗುತ್ತಿತ್ತು. ರಜೆ ಮುಗಿಯುವ ಹೊತ್ತಿಗೆ ಒಂದು ದಿನ, ಯಾರೂ ತಟ್ಟದೆ, ಗೆರೆ ತಾನೇ ತಾನಾಗಿ ಅಡ್ಡ ಹೋಯಿತು. ಹುಡುಗಿ ಹೆದರಿ ಹೋದಳು. ಇನ್ನೊಮ್ಮೆ ಎಳೆದಳು, ಮತ್ತೆ ಅಡ್ಡ ಹೋಯಿತು. ಪೆನ್ಸಿಲು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮುಖ್ಯಸ್ಥರ ಕಣ್ಣಲ್ಲೂ ನೀರು ಬಂತು, ಅದು ಸಂತೋಷದ್ದು. “ಬಂತಲ್ಲಮ್ಮಾ!” ಎಂದು ಬೆನ್ನು ತಟ್ಟಿದರು.

ಅಲ್ಲಿಂದ ಅವಳು ಹಿಂದಿರುಗಿ ನೋಡಲಿಲ್ಲ. ರಬ್ಬರನನ್ನೂ ಹಿಂದಕ್ಕೆ ಹಾಕಿ ಮೊದಲ ರ‍್ಯಾಂಕಿನಲ್ಲಿ ಪದವಿ ಪಡೆದಳು. ಪದವಿ ಪ್ರದಾನದ ದಿನ ಅವಳ ಕರಡುಗಳನ್ನು ಸಭಾಂಗಣದ ಗೋಡೆ ತುಂಬ ಹಚ್ಚಿದ್ದರು. ಬಂದ ಗಣ್ಯರು ತಲೆ ಓರೆ ಮಾಡಿ ನೋಡಿ, ಅದ್ಭುತ ಎಂದು ಹೇಳಿ, ಏನೆಂದು ಮಾತ್ರ ಕೇಳಲಿಲ್ಲ.

ಅಮ್ಮನಿಗೆ ಅಂಗಡಿಗೊಂದು ಹೊಸ ಬೋರ್ಡು ಮಗಳ ಕೈಯಲ್ಲೇ ಆಗಬೇಕೆಂಬ ಆಸೆ. ಇಸ್ತ್ರಿ ಪೆಟ್ಟಿಗೆಯ ಚಿತ್ರ ಸಾಕು ಎಂದಳು. ಹುಡುಗಿ ಮೂರು ವಾರ ಬಾಗಿಲು ಹಾಕಿಕೊಂಡು ಕೂತಳು. ಅಮ್ಮನಿಗಾದರೂ ಒಂದು ಸರಿಯಾದದ್ದು ಬರೆಯಬೇಕೆಂದು ಅವಳಿಗೆ ನಿಜಕ್ಕೂ ಇತ್ತು. ಬರಲಿಲ್ಲ. ರಾಶಿಯಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿ ನೇತುಹಾಕಿದರು. ಅಕ್ಷರಗಳೇನೂ ಇರಲಿಲ್ಲ, ಅಕ್ಷರ ಬರುವುದು ಮುಗಿದ ಚಿತ್ರದಲ್ಲಿ.

ಮರುದಿನ ಬೆಳಿಗ್ಗೆ ಒಬ್ಬರು ಬಂದು ಬ್ರೆಡ್ಡು ಕೇಳಿದರು. ಅವರ ಹಿಂದೆ ಇನ್ನಿಬ್ಬರು. ಬಂದವರನ್ನು ವಾಪಸು ಕಳಿಸಿದರೆ ಮಗಳ ಓದಿಗೆ ಅವಮಾನವೆಂದು ಅಮ್ಮ ಬ್ರೆಡ್ಡು ತರಿಸಿದಳು. ತಿಂಗಳೊಪ್ಪತ್ತಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಬನ್ನು, ರಸ್ಕು ಎಲ್ಲ ಜೋಡಣೆಯಾದವು. ಬಟ್ಟೆ ಗಂಟು ಹೊತ್ತು ಬಂದ ಹಳೇ ಗಿರಾಕಿಗಳು ಬೋರ್ಡು ನೋಡಿ ತಾವೇ ದಾರಿ ತಪ್ಪಿದೆವೆಂದು ಕ್ಷಮೆ ಕೇಳಿದರು. ಅಮ್ಮ ಅವರಿಗೆ ಪಕ್ಕದ ಬೀದಿಯ ಇಸ್ತ್ರಿ ಅಂಗಡಿ ತೋರಿಸಿದಳು.

“ಅಮ್ಮಾ, ನಾನು ಬರೆದದ್ದು ಇಸ್ತ್ರಿ ಪೆಟ್ಟಿಗೆ,” ಎಂದಳು ಹುಡುಗಿ, ತಡೆಯಲಾರದೆ.

“ಸುಮ್ನಿರೇ,” ಎಂದಳು ಅಮ್ಮ, ಬ್ರೆಡ್ಡು ಕಟ್ಟುತ್ತಾ. “ನಿಂಗೇನು ಗೊತ್ತು? ಫಸ್ಟ್ ರ‍್ಯಾಂಕ್ ಬಂದವಳು ಬರೆದದ್ದು!”