ಡ್ಯಾಮ್ಸನ್ ಒಪ್ಪುವುದಿಲ್ಲ

ಅಕ್ಟೋಬರ್ ಮೊದಲ ವಾರ. ಹೆರೆಫರ್ಡ್ ಸೀಮೆಯ ತೋಟಗಳಲ್ಲಿ ಸೈಡರ್ ಎಂಬ ಮದ್ಯಕ್ಕೆ ಹೋಗುವ ಸೇಬು ಉದುರಿಸುವ ಕೆಲಸ ಮಂಜು ಕರಗುವ ಮೊದಲೇ ಶುರುವಾಗಿತ್ತು. ಉದ್ದನೆಯ ಕೊಕ್ಕೆಗೋಲನ್ನು ಕೊಂಬೆಗೆ ಸಿಕ್ಕಿಸಿ ಒಮ್ಮೆ ಜಗ್ಗಿದರೆ ಹುಲ್ಲಿನ ಮೇಲೆ ದಬದಬನೆ ಹಣ್ಣು ಬೀಳುತ್ತಿತ್ತು. ಹೆಂಗಸರು ಮಂಡಿಯೂರಿ ಚೀಲಕ್ಕೆ ತುಂಬುತ್ತಿದ್ದರು. ಊರಿನ ಕೈಗಳೆಲ್ಲ ಸೇಬಿನ ಮೇಲಿದ್ದ ಆ ಹೊತ್ತಿನಲ್ಲಿ ಆಂಬ್ರೋಸ್ ಪ್ರಾಸರನ ಕೈ ಮಾತ್ರ ಪುಸ್ತಕದ ಮೇಲಿತ್ತು.

ವಿನಿ ಗ್ವಿಲಿಯಮ್ಮಳ ಸೇಬಿನ ಕೊಟ್ಟಿಗೆಯಲ್ಲಿ ಅವನು ಹನ್ನೊಂದು ವರ್ಷದಿಂದ ಹಳೆಯ ಪುಸ್ತಕ ಮಾರುತ್ತಿದ್ದ. ಕತೆ, ಅಡುಗೆ, ತೋಟಗಾರಿಕೆ ಯಾವುದೂ ಅಲ್ಲ. ಬರೀ ಪ್ರಾಚೀನ ಗ್ರೀಕರು ಮತ್ತು ರೋಮನ್ನರ ಮೇಲೆ ಪಂಡಿತರು ಬರೆದ ಪುಸ್ತಕಗಳು. ವರ್ಷಕ್ಕೆ ಇಪ್ಪತ್ತು ಗಿರಾಕಿ ಬಂದರೆ ಅದು ಜಾತ್ರೆ.

ಎಂಟು ಗಂಟೆಗೆ ವಿನಿ ಸೊಂಟಕ್ಕೆ ಗೋಣಿ ಸುತ್ತಿಕೊಂಡೇ ಒಳಗೆ ಬಂದಳು.

"ಪಂಡಿತರೇ, ನಾಳೆ ಬೆಳಿಗ್ಗೆ ಏಳಕ್ಕೆ ಗಾಡಿ ಬರುತ್ತೆ. ಈ ಕೊಟ್ಟಿಗೇಲಿ ಸೇಬು ಇರಬೇಕೋ ಗ್ರೀಕರು ಇರಬೇಕೋ, ಇವತ್ತೇ ಇತ್ಯರ್ಥ ಆಗಿಬಿಡಲಿ."

"ಗ್ರೀಕರು ಹೋಗ್ತಾರೆ ವಿನಿ. ರೋಮನ್ನರೂ ಹೋಗ್ತಾರೆ. ನಾಲ್ಕು ಗಂಟೆಗೆ ಯೂನಿವರ್ಸಿಟಿಯವರು ಬಂದು ಇಷ್ಟನ್ನೂ ಹೊತ್ಕೊಂಡು ಹೋಗ್ತಾರೆ."

"ಹೋದ ವರ್ಷವೂ ಹೀಗೇ ಅಂದ್ರಿ. ನಿಮ್ಮ ಗ್ರೀಕರು ಒಳಗೆ ಬೆಚ್ಚಗಿದ್ರು, ನನ್ನ ಸೇಬು ಹೊರಗೆ ಮಳೇಲಿ ಕೊಳೀತು. ಈ ಸಲ ಉಳಿದ ಪುಸ್ತಕಕ್ಕೆಲ್ಲ ಅಂಗಳವೇ ಗತಿ, ಹೇಳಿದ್ದೀನಿ."

ಈ ಸಲ ಮಾತು ಸುಳ್ಳಲ್ಲ. ವಸಂತದಲ್ಲಿ ಪ್ರೊಫೆಸರ್ ಕಾರ್ಡಿಂಗ್ಲಿ ಎಂಬ ಮಹಾ ವಿದ್ವಾಂಸರು ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರ ಅಣ್ಣನ ಮಗನಿಗೆ ಮನೆ ಬೇಕಿತ್ತು, ಪುಸ್ತಕ ಬೇಕಿರಲಿಲ್ಲ. ಹಸಿರು ಬಟ್ಟೆಯ ಒಂದೇ ಬಗೆಯ ರಟ್ಟು ಹಾಕಿಸಿದ್ದ ಇನ್ನೂರ ಹನ್ನೆರಡು ಪುಸ್ತಕಗಳನ್ನು ಅವನು ಆಂಬ್ರೋಸನ ವ್ಯಾನಿಗೆ ತಾನೇ ತುಂಬಿಕೊಟ್ಟಿದ್ದ. ಯೂನಿವರ್ಸಿಟಿಯೊಂದರ ಗ್ರಂಥಾಲಯಕ್ಕೆ ಅದು ಗೊತ್ತಾಗಿ, ನಿನ್ನೆ ಸಂಜೆ ಡಾಕ್ಟರ್ ಸ್ಟ್ರೇಕರ್ ಎಂಬಾಕೆ ಫೋನ್ ಮಾಡಿದ್ದಳು. ಫೋನ್ ಇದ್ದದ್ದು ವಿನಿಯ ಮನೆಯಲ್ಲಿ.

"ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹ ಎಷ್ಟಿದೆ ಅಂತ ಮೂರು ಸಲ ಕೇಳಿದ್ಲು ಕಣ್ರೀ," ಎಂದಳು ವಿನಿ. "ನಾನೇ ಬಂದು ಒಂದೊಂದು ಪುಟವೂ ತೆಗೆದು ನೋಡ್ತೀನಿ ಅಂದ್ಲು. ಭಾರಿ ಕಟ್ಟುನಿಟ್ಟಿನ ಹೆಂಗಸು."

ಹಳೆ ಪುಸ್ತಕದ ವ್ಯಾಪಾರದಲ್ಲಿ ಇದಕ್ಕೆ ಅರ್ಥ ಒಂದೇ. ಗೀಚಿದ ಪುಸ್ತಕಕ್ಕೆ ಅರ್ಧ ಬೆಲೆ, ಶುಭ್ರ ಪುಸ್ತಕಕ್ಕೆ ಪೂರ್ತಿ ಬೆಲೆ. ಕಾರ್ಡಿಂಗ್ಲಿಯವರೋ, ಗೋಡೆಗೆ ಹಬ್ಬಿದ ಬಳ್ಳಿಯ ಹಾಗೆ ಸಿಕ್ಕ ಅಂಚಿನಲ್ಲೆಲ್ಲ ಬರೆದು ಬಿಟ್ಟಿದ್ದರು.

ಅಳಿಸುವ ಕೆಲಸಕ್ಕೆ ಆಂಬ್ರೋಸನಿಗೆ ಬೇರೆಯೊಂದು ಉತ್ಸಾಹವೂ ಇತ್ತು. ಐವತ್ತು ವರ್ಷದ ಹಿಂದೆ ಅವನು ಇದೇ ಕಾರ್ಡಿಂಗ್ಲಿಯವರ ಶಿಷ್ಯ. ದನ ಕಟ್ಟುವ ಮನೆಯಿಂದ ಲ್ಯಾಟಿನ್ ಓದಲು ಹೋದ ಹುಡುಗ. ಎರಡನೇ ವರ್ಷದಲ್ಲಿ ಕಾರ್ಡಿಂಗ್ಲಿ ಅವನ ಬರಹವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಪ್ರಾಸರ್, ನಿನ್ನ ವಿದ್ವತ್ತಿಗೆ ಸಗಣಿ ವಾಸನೆ ಇದೆ," ಎಂದಿದ್ದರು. ತರಗತಿ ನಕ್ಕಿತ್ತು. ಹುಡುಗ ಮುಂದಿನ ರೈಲು ಹತ್ತಿ ಮನೆಗೆ ಬಂದು ಮತ್ತೆ ಹೋಗಲಿಲ್ಲ. ಅವನು ಸೇಬು ಆರಿಸಿದ ಕೂಲಿಯಲ್ಲಿ ಮೂರು ಪೌಂಡ್ ಕೊಟ್ಟು ಕೊಂಡಿದ್ದ ಒಂದು ಪುಸ್ತಕವನ್ನು ಕಾರ್ಡಿಂಗ್ಲಿ "ನೋಡಿ ಕೊಡ್ತೀನಿ" ಎಂದು ಇಸಿದುಕೊಂಡಿದ್ದರು. ಅದೂ ಬರಲಿಲ್ಲ. ಆ ಮನುಷ್ಯ ಬರೆದ ಒಂದಕ್ಷರವನ್ನೂ ಓದುವುದಿಲ್ಲವೆಂದು ಆಂಬ್ರೋಸ್ ಅಂದೇ ಪಣ ತೊಟ್ಟಿದ್ದ, ಇವತ್ತಿನವರೆಗೂ ಪಾಲಿಸಿಕೊಂಡು ಬಂದಿದ್ದ.

"ನೋಡು ವಿನಿ, ಅಳಿಸೋದಕ್ಕೆ ಒಂದು ಕ್ರಮ ಇದೆ. ಮೊದಲ ಪುಟದಿಂದ ಶುರು ಮಾಡಬೇಕು. ಓದಕೂಡದು. ಓದಿದ್ರೆ ಕೈ ನಿಲ್ಲುತ್ತೆ," ಎಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ರಬ್ಬರು ಎತ್ತಿಕೊಂಡು ಎಲ್ಲಕ್ಕಿಂತ ದಪ್ಪಗಿದ್ದ ಪುಸ್ತಕದ ಮೊದಲ ಪುಟವನ್ನು ಕೆಚ್ಚಲು ತೊಳೆಯುವ ಹಾಗೆ ಉಜ್ಜಿದ. ಎಡಗಡೆ ಮೂಲೆಯಲ್ಲಿ ಬೆಲೆ ಬರೆಯುವ ಮುನ್ನ ಪುಸ್ತಕ ತೂಗಿ ನೋಡಿದ. ಯಾವನೋ ಜರ್ಮನ್ ಪಂಡಿತ ರೋಮನ್ನರ ಬೇಸಾಯದ ಮೇಲೆ ಬರೆದದ್ದೆಂದು ಬೆನ್ನಿನ ದಪ್ಪಕ್ಷರ ಹೇಳುತ್ತಿತ್ತು. ಯಾರು ಕೊಳ್ಳುತ್ತಾರೆ? '3' ಎಂದು ಬರೆದ.

ಆಗಲೇ ಪರ್ಸಿ ಬಫ್ಟನ್ ಕುಂಟುತ್ತ ಬಂದ. ಹಿಂದೆ ಊರಿನ ಅಂಚೆಯವನಾಗಿದ್ದವನು. ಈಗ ಮೊಣಕಾಲು ಬಾಗದ ಕಾರಣ ಸೇಬಿನ ಕೆಲಸದಿಂದ ಅವನಿಗೆ ವಿನಾಯಿತಿ. ಆ ಮೊಣಕಾಲಿಗೆ ಐವತ್ತು ವರ್ಷದ ಹಿಂದೆ ಆಂಬ್ರೋಸನ ಮನೆಯ ಹಸು ಒದ್ದಿತ್ತು, ಹವಾ ಬದಲಾದಾಗಲೆಲ್ಲ ಅವನು ಅದನ್ನು ನೆನಪಿಸುತ್ತಿದ್ದ.

"ಏನೋ ಇದು, ಮೇಜು ಕುಡಿದವನ ಹಾಗೆ ಓಲಾಡ್ತಿದೆ?" ಎಂದು ಅವನು ಕೈ ಊರಿದ್ದೇ ತಡ, ಚಹಾದ ಲೋಟ ಉರುಳಿತು. ಆಂಬ್ರೋಸ್ ತಡಮಾಡದೆ ಆ ದಪ್ಪ ಪುಸ್ತಕವನ್ನು ಮೇಜಿನ ಗಿಡ್ಡ ಕಾಲಿನ ಕೆಳಗೆ ತುರುಕಿದ. ಮೇಜು ಗಟ್ಟಿಯಾಗಿ ನಿಂತಿತು.

"ಜರ್ಮನ್ನರ ಕೆಲಸ ಅಂದ್ರೆ ಹೀಗಿರ್ಬೇಕು," ಎಂದ ಪರ್ಸಿ.

ಮೂವರೂ ಅಳಿಸಲು ಕುಳಿತರು. ಹತ್ತು ಗಂಟೆಗೆ ರಬ್ಬರು ಸವೆದು ಕಡಲೆಕಾಳಿನಷ್ಟಾಯಿತು. ವಿನಿ ಮನೆಯಿಂದ ಮೂರು ದಿನದ ಹಳೆಯ ಬ್ರೆಡ್ಡು ತಂದಳು. ಅದರ ತಿರುಳನ್ನು ಉಂಡೆ ಕಟ್ಟಿ ಉಜ್ಜಿದರೆ ಪೆನ್ಸಿಲ್ಲು ಕೊಳೆ ಬಿಟ್ಟ ಹಾಗೆ ಬಿಡುತ್ತಿತ್ತು. ಕಪ್ಪಾದ ತುಣುಕುಗಳು ನೆಲಕ್ಕೆ ಉದುರಿದವು. ಬಾಗಿಲಲ್ಲಿ ಇಣುಕುತ್ತಿದ್ದ ವಿನಿಯ ಕೋಳಿಗಳು ಒಳಗೆ ಬಂದು ಆರಿಸಿ ತಿನ್ನತೊಡಗಿದವು.

"ನಿನ್ನ ಗುರುಗಳ ವಿದ್ಯೆಯೆಲ್ಲ ಕೋಳಿ ಹೊಟ್ಟೆಗೆ ಹೋಯ್ತಲ್ಲೋ," ಎಂದ ಪರ್ಸಿ.

"ಹೋಗ್ಲಿ. ಕೋಳಿಗಾದ್ರೂ ಜೀರ್ಣ ಆಗ್ಲಿ," ಎಂದ ಆಂಬ್ರೋಸ್, ಇನ್ನೂ ಜೋರಾಗಿ ಉಜ್ಜುತ್ತ.

ಮಧ್ಯಾಹ್ನ ಬ್ರೆಡ್ಡು, ಚೀಸು, ಈರುಳ್ಳಿ ತಿನ್ನಬೇಕೆಂದರೆ ಬ್ರೆಡ್ಡು ಉಳಿದಿರಲಿಲ್ಲ. ಬರೀ ಚೀಸು ತಿಂದರು. ಪರ್ಸಿ ಉತ್ಸಾಹ ಹೆಚ್ಚಾಗಿ ಒಂದು ಪುಸ್ತಕದಲ್ಲಿ ಅಚ್ಚಾದ ಭೂಪಟದ ನದಿಯೊಂದನ್ನೇ ಉಜ್ಜಿ ತೆಗೆದ. ಮೂರೂವರೆಗೆ ಕೊನೆಯ ಪುಸ್ತಕ ಮುಗಿಯಿತು. ಹಸಿರು ಬೆನ್ನುಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲಾದವು. ಆಂಬ್ರೋಸನ ಬಲಗೈ ಗೋಧಿ ತೂರುವ ಮೊರದಂತೆ ತಾನಾಗಿಯೇ ಅಲ್ಲಾಡುತ್ತಿತ್ತು. ಎದೆ ಮಾತ್ರ ಹಿಗ್ಗಿತ್ತು. ಐವತ್ತು ವರ್ಷದ ಹಿಂದೆ ಕಾರ್ಡಿಂಗ್ಲಿ ಅವನನ್ನು ಅಳಿಸಿದ್ದರು, ಇವತ್ತು ಲೆಕ್ಕ ಸಮವಾಯಿತು!

ನಾಲ್ಕಕ್ಕೆ ಸರಿಯಾಗಿ ಡಾಕ್ಟರ್ ಸ್ಟ್ರೇಕರ್ ಕೆಸರಿಗೆ ಹೆದರದ ಬೂಟು ಹಾಕಿಕೊಂಡು ಬಂದಿಳಿದಳು. ಬಂದವಳೇ ಒಂದು ಪುಸ್ತಕ ತೆರೆದಳು. ಪುಟ ತಿರುವಿದಳು. ಮತ್ತೊಂದು. ಇನ್ನೊಂದು. ಅವಳ ಮುಖದ ಬಣ್ಣ ಪುಟಗಳ ಬಣ್ಣಕ್ಕೇ ತಿರುಗುತ್ತ ಬಂತು.

"ಟಿಪ್ಪಣಿಗಳು ಎಲ್ಲಿ?"

"ಒಂದೂ ಇಲ್ಲ ಕಣಮ್ಮ!" ಎಂದಳು ವಿನಿ ಹೆಮ್ಮೆಯಿಂದ. "ಬೆಳಿಗ್ಗೆಯಿಂದ ಮೂರು ಜನ ಕೂತು ಉಜ್ಜಿದ್ದೀವಿ. ನೀವು ಎಲ್ಲಿ ಬೇಕಾದ್ರೂ ತೆಗೆದು ನೋಡಿ."

"ಉಜ್ಜಿದ್ರಾ?"

"ಬ್ರೆಡ್ಡಿನಲ್ಲಿ," ಎಂದ ಪರ್ಸಿ. "ರಬ್ಬರಿಗಿಂತ ವಾಸಿ."

ಡಾಕ್ಟರ್ ಸ್ಟ್ರೇಕರ್ ಮೆಲ್ಲನೆ ಕುರ್ಚಿಗೆ ಕುಸಿದಳು. "ಈ ಪುಸ್ತಕಗಳೆಲ್ಲ ನಮ್ಮ ಗ್ರಂಥಾಲಯದಲ್ಲಿ ಎರಡೆರಡು ಪ್ರತಿ ಇವೆ. ನಾನು ಬಂದದ್ದೇ ಅವರ ಟಿಪ್ಪಣಿಗೆ. ಕಾರ್ಡಿಂಗ್ಲಿಯವರ ಕೈಬರಹಕ್ಕೆ..."

ಕೋಳಿಯೊಂದು ಕ್ಕೊಕ್ಕೊಕ್ಕೊ ಎಂದು ತೃಪ್ತಿಯಿಂದ ನಡೆದುಹೋಯಿತು. ಯಾರೂ ಅದರ ಮುಖ ನೋಡಲಿಲ್ಲ.

ಅವಳು ತಲೆ ತಗ್ಗಿಸಿದಾಗಲೇ ಮೇಜಿನ ಕಾಲಿನ ಕೆಳಗಿದ್ದ ಹಸಿರು ರಟ್ಟು ಕಣ್ಣಿಗೆ ಬಿದ್ದದ್ದು. ಮಂಡಿಯೂರಿ ಅದನ್ನು ಎಳೆದುಕೊಂಡಳು. ಮೇಜು ಓಲಿತು, ಚಹಾ ಮತ್ತೊಮ್ಮೆ ಚೆಲ್ಲಿತು. ಅವಳು ನಡುವಿನ ಪುಟ ತೆರೆದಳು. ಅಂಚಿನ ತುಂಬ ಪೆನ್ಸಿಲ್ ಬರಹ. ಅವಳು ಕೂಗಿದ ಕೂಗಿಗೆ ತೋಟದಲ್ಲಿ ಕೊಕ್ಕೆಗೋಲು ಹಿಡಿದಿದ್ದವರು ತಿರುಗಿ ನೋಡಿದರು.

"ಸಿಕ್ತು! ಕೇಳಿ, ಕೇಳಿ! 'ನೊಗದ ಪಟ್ಟಿಯನ್ನು ಕೊಂಬಿಗೆ ಬಿಗಿದರೆ ದನ ಒಂದು ಹೆಜ್ಜೆಯೂ ಇಡದು. ಬರೆದವನು ಹೊಲ ಕಂಡವನಲ್ಲ. ಡ್ಯಾಮ್ಸನ್ ಒಪ್ಪುವುದಿಲ್ಲ. ಮೂರು ಸಲ ಕೇಳಿ ನೋಡಿದೆ.' ಕಾರ್ಡಿಂಗ್ಲಿಯವರಿಗೆ ಹೆಸರು ತಂದ ಲೇಖನ ಇದರಿಂದಲೇ ಹುಟ್ಟಿದ್ದು! ರೋಮನ್ನರ ನೊಗದ ಬಗ್ಗೆ ನೂರು ವರ್ಷದ ತಪ್ಪನ್ನು ಒಂದೇ ಏಟಿಗೆ ಒಡೆದುಹಾಕಿದ್ರು. ಹೊಲದ ಮಣ್ಣಿನ ಮೇಲೆ ಕಾಲಿಡದ ಮನುಷ್ಯ, ದನದ ಮನಸ್ಸು ಹೇಗೆ ತಿಳ್ಕೊಂಡ್ರೋ! ಮಹಾ ಪ್ರತಿಭೆ!"

ಆಂಬ್ರೋಸ್ ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿ ಬಗ್ಗಿ ನೋಡಿದ. ಹತ್ತೊಂಬತ್ತನೇ ವಯಸ್ಸಿನ ತನ್ನ ಅಕ್ಷರ ಅವನನ್ನೇ ನೋಡುತ್ತಿತ್ತು. ರಟ್ಟು ಮಾತ್ರ ಕಾರ್ಡಿಂಗ್ಲಿಯವರದು, ಒಳಗಿನ ಪುಸ್ತಕ ಅವನದು.

"ಆ ಲೇಖನದ ಕೊನೇಲಿ," ಎಂದು ಡಾಕ್ಟರ್ ಸ್ಟ್ರೇಕರ್ ಮುಂದುವರಿಸಿದಳು, "ಅವರು 'ಈ ವಿಚಾರದಲ್ಲಿ ಡ್ಯಾಮ್ಸನ್ ಅವರಿಗೆ ಋಣಿ' ಅಂತ ಬರೆದಿದ್ದಾರೆ. ಆ ಡ್ಯಾಮ್ಸನ್ ಯಾರು ಅಂತ ನಲವತ್ತು ವರ್ಷದಿಂದ ಮೂರು ದೇಶದವರು ಹುಡುಕ್ತಿದ್ದೀವಿ. ಲೈಪ್ಸಿಗ್ಗಿನಲ್ಲಿದ್ದ ವಿದ್ವಾಂಸರು ಅಂತ ನನ್ನ ಅಭಿಪ್ರಾಯ."

ಪರ್ಸಿ ತನ್ನ ಮೊಣಕಾಲು ನೀವಿಕೊಂಡ.

"ಡ್ಯಾಮ್ಸನ್ ಹಸು," ಎಂದ ಪರ್ಸಿ.

"ಏನಂದ್ರಿ?"

"ಹಸು ಕಣಮ್ಮ. ಇವರ ಮನೆ ಕಪ್ಪು ಹಸು. ಕೊಂಬಿಗೆ ಪಟ್ಟಿ ಕಟ್ಟು ಕಟ್ಟು ಅಂತ ಇವನು ನನ್ನ ಪ್ರಾಣ ತಿಂದ. ಮೂರನೇ ಸಲ ಕಟ್ಟಿದಾಗ ಒದೀತು. ಇಗೋ, ಮೊಣಕಾಲು ನೋಡಿ," ಎಂದು ಅವನು ಷರಾಯಿ ಮೇಲೆತ್ತತೊಡಗಿದ.

"ಅದು ನನ್ನ ಬರಹ," ಎಂದ ಆಂಬ್ರೋಸ್. "ಆ ಪುಸ್ತಕವೂ ನನ್ನದೇ. ನೋಡಿ ಕೊಡ್ತೀನಿ ಅಂತ ಇಸ್ಕೊಂಡಿದ್ರು."

ಡಾಕ್ಟರ್ ಸ್ಟ್ರೇಕರ್ ಒಬ್ಬೊಬ್ಬರ ಮುಖವನ್ನೂ ನೋಡಿ ನಕ್ಕಳು. "ಹಳ್ಳಿಯವರ ತಮಾಷೆ ನನಗೆ ಇಷ್ಟ. ಆಗಲಿ, ನಿಮ್ಮ ಹೆಸರು ಇದೆಯಾ ಇದರಲ್ಲಿ?"

"ಇದೆ! ಮೊದಲ ಪುಟ, ಬಲಗಡೆ ಮೂಲೆ. ನಾನು ಯಾವಾಗಲೂ ಅಲ್ಲೇ ಬರೀತಿದ್ದೆ. ತೆಗೀರಿ!"

ಅವಳು ತೆಗೆದಳು. ಬಲಗಡೆ ಮೂಲೆ ಆಗ ತಾನೇ ಮಿಂದೆದ್ದ ಮಗುವಿನ ಕೆನ್ನೆಯಂತೆ ಹೊಳೆಯುತ್ತಿತ್ತು. ರಬ್ಬರಿನ ಒಂದು ಪುಡಿ ಇನ್ನೂ ಅಂಟಿಕೊಂಡಿತ್ತು.

"ಬಹಳ ಚೆನ್ನಾಗಿ ಉಜ್ಜಿದ್ದೀರಿ," ಎಂದಳು ವಿನಿ.

"ಹಾಗಾದ್ರೆ ಒಂದು ಸಾಲು ಬರೆದು ತೋರಿಸಿ, ಹೋಲಿಸಿ ನೋಡೋಣ," ಎಂದು ಡಾಕ್ಟರ್ ಸ್ಟ್ರೇಕರ್ ಪೆನ್ಸಿಲ್ ಕೊಟ್ಟಳು. ಆಂಬ್ರೋಸ್ ಬರೆದ. ಏಳು ಗಂಟೆ ಹೊತ್ತು ಉಜ್ಜಿದ ಕೈ ಕಾಗದದ ಮೇಲೆ ಒಂದು ಭೂಕಂಪವನ್ನು ದಾಖಲಿಸಿತು. ಎಡಗೈಯಿಂದ ಬಲಗೈ ಹಿಡಿದು ಮತ್ತೆ ಬರೆದ. ಎರಡು ಭೂಕಂಪವಾಯಿತು.

ಅವಳು ಕನಿಕರದಿಂದ ಅವನ ಭುಜ ತಟ್ಟಿದಳು. "ಪರವಾಗಿಲ್ಲ. ಈ ಒಂದನ್ನು ತಗೋತೀನಿ. ಬೆಲೆ?"

ಇಷ್ಟು ಹೊತ್ತಿಗೆ ವಿನಿಯ ಕಣ್ಣುಗಳು ದುಂಡಗಾಗಿದ್ದವು. "ಅದು ಬಹಳ ಬೆಲೆ ಕಣಮ್ಮ, ನೂರಾರು..."

"ಮೂಲೆಯಲ್ಲಿ ಮೂರು ಪೌಂಡ್ ಅಂತ ಇದೆ," ಎಂದಳು ಡಾಕ್ಟರ್ ಸ್ಟ್ರೇಕರ್. "ಹಳೆ ಪುಸ್ತಕದಂಗಡೀಲಿ ಬರೆದದ್ದೇ ಬೆಲೆ, ಅಲ್ವಾ?"

ಅದು ಆಂಬ್ರೋಸ್ ಹನ್ನೊಂದು ವರ್ಷದಿಂದ ಚೌಕಾಸಿ ಮಾಡುವ ಪ್ರತಿಯೊಬ್ಬ ಗಿರಾಕಿಗೂ ಹೇಳಿದ ಮಾತು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದೂ ಇತ್ತು. ಅವನು ತಲೆಯಾಡಿಸಿದ. ತಲೆ ಮಾತ್ರ ನಡುಗದೆ ಆಡಿತು.

ಅವಳು ಮೂರು ನಾಣ್ಯ ಮೇಜಿನ ಮೇಲಿಟ್ಟು ಪುಸ್ತಕವನ್ನು ಎಳೆಗೂಸಿನಂತೆ ಎದೆಗಪ್ಪಿಕೊಂಡಳು. ಬಾಗಿಲಲ್ಲಿ ತಿರುಗಿ, "ವರ್ಷಕ್ಕೊಂದು ಉಪನ್ಯಾಸ ಇಡಿಸ್ತೀವಿ. ಡ್ಯಾಮ್ಸನ್ ಸ್ಮಾರಕ ಉಪನ್ಯಾಸ. ದೇಶದೇಶದ ಪಂಡಿತರು ಬರ್ತಾರೆ. ಆ ಡ್ಯಾಮ್ಸನ್ ಬಗ್ಗೆ ನಿಜವಾಗಿ ಏನಾದ್ರೂ ಗೊತ್ತಾದ್ರೆ ಬರೀರಿ," ಎಂದಳು.

ಆಂಬ್ರೋಸ್ ಸ್ವಲ್ಪ ಯೋಚಿಸಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತ. "ಬಹಳ ನೇರ ಸ್ವಭಾವ ಮೇಡಮ್. ಒಪ್ಪದಿದ್ರೆ ತಕ್ಷಣ ತಿಳಿಸ್ತಿದ್ರು."

ಅವಳು ಅದನ್ನು ಬರೆದುಕೊಂಡು ಹೋದಳು.

ಕಾರಿನ ಸದ್ದು ಅಡಗಿದ ಮೇಲೂ ಆಂಬ್ರೋಸ್ ಹಾಗೇ ನಿಂತಿದ್ದ. ಅವನ ಮುಖದಲ್ಲಿ ಗದ್ದುಗೆ ಏರಿದವನ ಕಳೆ. "ಕೇಳಿದ್ರಾ? ನೂರು ವರ್ಷದ ತಪ್ಪು, ಒಂದೇ ಏಟು! ಸಗಣಿ ವಾಸನೆ ಅಂದಿದ್ದ. ಅದೇ ಸಗಣೀಲಿ ಅವನು ಹೂವು ಬೆಳೆದದ್ದು! ಮಹಾ ಪ್ರತಿಭೆ ಅಂದ್ಲು ಕಣೋ ಪರ್ಸಿ, ಮಹಾ ಪ್ರತಿಭೆ!"

"ಹಸುವಿಗೆ ಅಂದದ್ದು," ಎಂದ ಪರ್ಸಿ.

"ಇನ್ನೂರ ಹನ್ನೊಂದು ಪುಸ್ತಕ," ಎಂದಳು ವಿನಿ. "ಬೆಳಿಗ್ಗೆ ಏಳಕ್ಕೆ ಸೇಬು."

ಆಂಬ್ರೋಸನಿಗೆ ಅದು ಕೇಳಿಸಲಿಲ್ಲ. ಅವನು ಮೂರು ನಾಣ್ಯಗಳನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ. "ಮೂರು ಪೌಂಡಿಗೆ ಕೊಂಡಿದ್ದೆ. ಮೂರು ಪೌಂಡ್ ಬಂತು. ಐವತ್ತು ವರ್ಷದ ಬಾಕಿ, ಒಂದು ಪೆನ್ನಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಕಾರ್ಡಿಂಗ್ಲಿಯ ಸಾಲ ತೀರಿತು."

ಪರ್ಸಿ ಕುಂಟುತ್ತ ಹತ್ತಿರ ಬಂದು ಕೈ ಚಾಚಿದ.

"ಅವನದು ತೀರಿತು. ಈಗ ನಿನ್ನದು ಕೊಡು. ಡ್ಯಾಮ್ಸನ್ ಒಪ್ಪುವುದಿಲ್ಲ ಅಂತ ಬರೆದವನು ನೀನು ಸರಿ. ಆದ್ರೆ ಆ ಹಸು ಒದ್ದು ಹೇಳಿದ್ದು ಯಾರಿಗೆ?"

ವಿದ್ವಾಂಸನಾದವನು ಮೂಲ ಆಧಾರವನ್ನು ಅಲ್ಲಗಳೆಯುವಂತಿಲ್ಲ. ಆಂಬ್ರೋಸ್ ಮೂರು ನಾಣ್ಯಗಳನ್ನೂ ಆ ಅಂಗೈಗೆ ಹಾಕಿ, ಪುಸ್ತಕದ ಮೊದಲ ಕಟ್ಟನ್ನು ತಲೆಯ ಮೇಲೆ ಹೊತ್ತು ಗೆದ್ದ ಸೇನಾಪತಿಯಂತೆ ಅಂಗಳಕ್ಕೆ ನಡೆದ.